ಅಮಾಂಡಾ ಪ್ರಶ್ನೆ ಕೇಳಿ ಕಾಯುತ್ತಾಳಲ್ಲ, ನನಗೆ ಭಯವಾಗಿದ್ದು ಅಲ್ಲೇ (ಕಥೆ ಪೂರ್ತಿ ಬಿಚ್ಚಿಟ್ಟಿದ್ದೇನೆ, ಆಡದವರು ಓದಬೇಡಿ)

ಅಟ್ಟದ ಬೆಕ್ಕು:

‘ಅಮಾಂಡಾ ದಿ ಅಡ್ವೆಂಚರರ್’ ಎಂಬ ಹಾರರ್ ವಿಡಿಯೊ ಗೇಮ್ ಬಗ್ಗೆ ಇಲ್ಲಿ ಬಂದಿರುವ ಪೋಸ್ಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ. ಯಾವ ಟೇಪ್ ಎಲ್ಲಿ ಸಿಗುತ್ತದೆ, ಯಾವ ಅಂತ್ಯ ನಿಜವಾದದ್ದು, ಕೊನೆಯಲ್ಲಿ ಬರುವ ಆ ರಾಕ್ಷಸ ರೂಪ ಏನು. ಅದೆಲ್ಲ ಸರಿ. ಆದರೆ ಆಟದ ಒಳಗಿರುವ ವಿಷಯ ಅದಕ್ಕಿಂತ ಕೆಟ್ಟದಾಗಿದೆ ಅಂತ ನನಗೆ ಅನಿಸುತ್ತದೆ. ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಮರೆತವರಿಗೆ ನಾಲ್ಕು ಸಾಲು. 2022ರಲ್ಲಿ ಮ್ಯಾಂಗಲ್ಡ್‌ಮಾ ಗೇಮ್ಸ್ ಒಂದು ಚಿಕ್ಕ ಡೆಮೊ ಬಿಟ್ಟಿತ್ತು. ಯೂಟ್ಯೂಬರ್‌ಗಳು ಅದನ್ನು ಆಡಿ ಆಡಿ ಹೆಸರು ಮಾಡಿಸಿದರು. ಪೂರ್ತಿ ಆಟ 2023ರ ಏಪ್ರಿಲ್‌ನಲ್ಲಿ ಬಂತು, ಎರಡನೇ ಭಾಗ 2024ರ ಅಕ್ಟೋಬರ್‌ನಲ್ಲಿ. ನಾನು ಮಾತಾಡುವುದು ಈ ಎರಡರ ಬಗ್ಗೆ ಮಾತ್ರ. ನಾವು ಇಲ್ಲಿ ರೈಲಿ ಪಾರ್ಕ್. ಅತ್ತೆ ಕೇಟ್ ತೀರಿಕೊಂಡ ಮೇಲೆ ಅವರ ಮನೆ ನಮಗೆ ಬರುತ್ತದೆ. ಅಟ್ಟದಲ್ಲಿ ಒಂದು ಹಳೇ ಟಿವಿ, ವಿಎಚ್ಎಸ್ ಕ್ಯಾಸೆಟ್‌ಗಳು. ಹಾಕಿದರೆ ಮಕ್ಕಳ ಕಾರ್ಟೂನ್. ಅಮಾಂಡಾ ಎಂಬ ಪುಟ್ಟ ಹುಡುಗಿ, ವೂಲಿ ಎಂಬ ಹೆದರುಪುಕ್ಕಲ ಕುರಿ. ಅಡುಗೆಮನೆಯಲ್ಲಿ ಆಪಲ್ ಪೈ ಮಾಡುತ್ತಾರೆ, ಊರಿನ ಅಂಗಡಿಗಳನ್ನು ತೋರಿಸುತ್ತಾರೆ. ನಡುನಡುವೆ ಅಮಾಂಡಾ ನಮ್ಮ ಕಡೆ ತಿರುಗಿ ಪ್ರಶ್ನೆ ಕೇಳುತ್ತಾಳೆ. ನಾವು ಉತ್ತರ ಟೈಪ್ ಮಾಡಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಅವಳು ಕೇಳುತ್ತಾಳೆ, ಆಮೇಲೆ ಸುಮ್ಮನೆ ನಮ್ಮನ್ನೇ ನೋಡುತ್ತಾ ನಿಲ್ಲುತ್ತಾಳೆ. ಕಣ್ಣು ಮಿಟುಕಿಸುತ್ತಾಳೆ, ನಗು ಮಾತ್ರ ಹಾಗೇ ಇರುತ್ತದೆ. ಅವಳಿಗೆ ಬೇಕಾದ ಉತ್ತರ ಒಂದೇ. ಬೇರೆ ಏನಾದರೂ ಬರೆದರೆ ಮೊದಲು ಸಹಿಸಿಕೊಳ್ಳುತ್ತಾಳೆ, ಆಮೇಲೆ ದನಿ ಬದಲಾಗುತ್ತದೆ. ಇದನ್ನು ನೋಡಿ ನಾವೆಲ್ಲ ‘ಅಯ್ಯೋ ಇವಳಿಗೆ ದೆವ್ವ ಹಿಡಿದಿದೆ’ ಅಂದುಕೊಂಡೆವು. ಆದರೆ ಗುಪ್ತ ಟೇಪ್‌ಗಳನ್ನು ನೋಡಿದ ಮೇಲೆ ಇನ್ನೊಂದು ಸಲ ಅದೇ ದೃಶ್ಯ ನೋಡಿ. ಈ ಕಾರ್ಯಕ್ರಮ ಮೊದಲು ಕಾರ್ಟೂನೇ ಆಗಿರಲಿಲ್ಲ. ಸ್ಯಾಮ್ ಕೋಲ್ಟನ್ ಎಂಬಾತ ಮಾಡಿದ ಸಣ್ಣ ಶೋ ಅದು. ಆತನ ದತ್ತುಮಗಳು ರೆಬೆಕಾ ಅಮಾಂಡಾ ಆಗಿ ನಟಿಸುತ್ತಿದ್ದಳು. ಹ್ಯಾಮೆಲ್ನ್ ಎಂಟರ್‌ಟೈನ್‌ಮೆಂಟ್ ಎಂಬ ಕಂಪನಿ ಬಂದು ಶೋ ತೆಗೆದುಕೊಂಡಿತು, ಕಾರ್ಟೂನ್ ಮಾಡಿತು. ರೆಬೆಕಾ ಕಾಣೆಯಾದಳು. ಅಮಾಂಡಾ ಮಾತ್ರ ಉಳಿದಳು.

ಅಂದರೆ ಏನಾಯಿತು? ಒಂದು ಮಗುವಿಗೆ ಯಾರೋ ಮಾತು ಬರೆದುಕೊಟ್ಟರು. ಅದು ಅದೇ ಮಾತನ್ನೇ ಆಡಬೇಕು, ಅದೇ ನಗು ನಗಬೇಕು. ಈಗ ಅದೇ ಮಗು ನಮ್ಮ ಹತ್ತಿರ ಅದನ್ನೇ ಮಾಡಿಸುತ್ತಿದೆ. ಹೇಳಿಕೊಟ್ಟ ಉತ್ತರ ಹೇಳು, ಇಲ್ಲದಿದ್ದರೆ ಮುಂದೆ ಹೋಗುವುದಿಲ್ಲ. ಅವಳು ನಮ್ಮನ್ನು ಹೆದರಿಸುತ್ತಿದ್ದಾಳೆ ಅನ್ನುವುದಕ್ಕಿಂತ, ತನಗೆ ಏನು ಮಾಡಿದರು ಅಂತ ತೋರಿಸುತ್ತಿದ್ದಾಳೆ ಅಂತ ನನಗೆ ಕಾಣುತ್ತದೆ. ನಾವು ಒಪ್ಪಿಕೊಂಡು ‘ಆಪಲ್’ ಅಂತ ಟೈಪ್ ಮಾಡಿದಾಗಲೆಲ್ಲ ಆ ಕಂಪನಿಯ ಕೆಲಸವನ್ನೇ ಮುಂದುವರಿಸುತ್ತಿದ್ದೇವೆ ಅಲ್ವಾ? ಇದು ತಲೆಗೆ ಬಂದ ಮೇಲೆ ದಿಢೀರ್ ಅಂತ ಬೆಚ್ಚಿಬೀಳಿಸುವ ಆಟದ ಯಾವ ಜಂಪ್‌ಸ್ಕೇರೂ ನನಗೆ ದೊಡ್ಡದು ಅನಿಸಲಿಲ್ಲ.

ಆ ಶೋನಲ್ಲಿ ಚಾಕು, ಓವನ್ ಅಂತ ಬಂದಾಗ ಹಿಂಜರಿಯುವವನು ವೂಲಿ ಒಬ್ಬನೇ. ಅವನ ಮಾತು ಯಾರೂ ಕೇಳುವುದಿಲ್ಲ. ಅವನ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತಲೂ ತಿಳಿಸಿ.

ಶಾಲೆ ಬೆಲ್ಲು:

ನಾನು ನರ್ಸರಿ ಟೀಚರ್. ಆಟ ಆಡಿಲ್ಲ, ಮಗ ಆಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಪ್ರಶ್ನೆ ಕೇಳಿ ಕಾಯುವ ಆ ಗ್ಯಾಪ್ ಬಗ್ಗೆ ನೀವು ಬರೆದದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಅದು ಆಟದವರು ಹುಟ್ಟಿಸಿದ್ದಲ್ಲ.

ಅಮೆರಿಕದಲ್ಲಿ 1996ರಲ್ಲಿ ‘ಬ್ಲೂಸ್ ಕ್ಲೂಸ್’ ಎಂಬ ಮಕ್ಕಳ ಟಿವಿ ಶೋ ಶುರುವಾಯಿತು. ಅದರ ನಿರೂಪಕ ಪ್ರಶ್ನೆ ಕೇಳಿ, ಮನೆಯಲ್ಲಿ ಕೂತ ಮಗು ಯೋಚಿಸಿ ಉತ್ತರ ಹೇಳುವಷ್ಟು ಹೊತ್ತು ಬೇಕೆಂದೇ ಸುಮ್ಮನಿರುತ್ತಿದ್ದ. ದೊಡ್ಡವರಿಗೆ ಅದು ಕಿರಿಕಿರಿ. ಮೂರು ವರ್ಷದ ಮಗುವಿಗೆ ಅಷ್ಟು ಸಮಯ ಬೇಕೇ ಬೇಕು. ಒಂದೇ ಎಪಿಸೋಡನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ಹಾಕುತ್ತಿದ್ದರು. ಮೊದಲ ದಿನ ಮಕ್ಕಳು ಸುಮ್ಮನೆ ನೋಡುತ್ತಾರೆ, ಐದನೇ ದಿನ ಪ್ರಶ್ನೆ ಮುಗಿಯುವ ಮೊದಲೇ ಕೂಗುತ್ತಾರೆ. ಹಾಕುವ ಮೊದಲು ನಿಜವಾದ ಮಕ್ಕಳಿಗೆ ತೋರಿಸಿ ತಿದ್ದುತ್ತಿದ್ದರು. ಆಮೇಲೆ ಬಂದ ಡೋರಾ ಕೂಡ ಇದೇ ದಾರಿ ಹಿಡಿದದ್ದು. ನಮ್ಮ ಚಿಂಟು ಟಿವಿಯಲ್ಲಿ ಡೋರಾ ಕನ್ನಡ ಮಾತಾಡುತ್ತಿದ್ದಾಗ ಮನೆಮನೆಯಲ್ಲಿ ಮಕ್ಕಳು ಟಿವಿಗೆ ಉತ್ತರ ಕೊಡುತ್ತಿದ್ದರು.

ನನ್ನ ಕ್ಲಾಸಿನಲ್ಲೂ ಹಾಗೇ ಮಾಡುತ್ತೇನೆ, ಕೇಳಿ ಕಾಯುತ್ತೇನೆ. ಆದರೆ ಒಂದು ವ್ಯತ್ಯಾಸ ಇದೆ. ‘ಮಾವಿನಹಣ್ಣಿನ ಬಣ್ಣ ಏನು’ ಅಂತ ನಾನು ಕೇಳಿದರೆ ಮಗು ‘ಅಜ್ಜಿ ಮನೆ’ ಅನ್ನುತ್ತದೆ. ನಾನು ಆ ಅಜ್ಜಿ ಮನೆ ಹಿಡಿದುಕೊಂಡು ಹೋಗುತ್ತೇನೆ, ಅಲ್ಲಿ ಮಾವಿನ ಮರ ಇದೆಯಾ ಅಂತ ಕೇಳುತ್ತೇನೆ. ಟಿವಿಗೆ ಅದು ಆಗುವುದಿಲ್ಲ. ಮಗು ಏನೇ ಹೇಳಿದರೂ ‘ಸರಿಯಾಗಿ ಹೇಳಿದೆ!’ ಅನ್ನುತ್ತದೆ, ಏನೂ ಹೇಳದಿದ್ದರೂ ಅದನ್ನೇ ಅನ್ನುತ್ತದೆ. ಅಮಾಂಡಾ ಹೆದರಿಸುವುದು ಯಾಕೆಂದರೆ ಅವಳಿಗೆ ನಿಜವಾಗಿಯೂ ಕೇಳಿಸುತ್ತದೆ. ಕೇಳಿಸಿಕೊಂಡೂ ಅವಳು ತನ್ನ ದಾರಿ ಬಿಡುವುದಿಲ್ಲ.

ಜಯನಗರ ಜೋರು:

ಗುರು, ಬರವಣಿಗೆ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ.

ಡೆಮೊ ಇದ್ದಾಗ ಈ ಸ್ಯಾಮ್, ರೆಬೆಕಾ, ಕಂಪನಿ ಏನೂ ಅಷ್ಟಾಗಿ ಇರಲಿಲ್ಲ. ಅಟ್ಟ, ಟಿವಿ, ಒಬ್ಬಳು ಹುಡುಗಿ. ಅಷ್ಟರಲ್ಲೇ ಜೀವ ಬಾಯಿಗೆ ಬಂದಿತ್ತು. ಪೂರ್ತಿ ಆಟದಲ್ಲಿ ಕಾರಣ ಹೇಳಲು ಹೊರಟರು. ಹೇಳಿದ ಕಾರಣ ಏನು? ಒಂದು ದುಷ್ಟ ಕಂಪನಿ, ಅದರ ಹಿಂದೆ ಏನೋ ಪೂಜೆ, ಒಂದು ಪಿಶಾಚಿ. ಇಲ್ಲೇ ನಿಮ್ಮ ವಾದ ಕುಸಿಯುತ್ತದೆ. ‘ಮಗುವಿನಿಂದ ದುಡಿಸಿಕೊಂಡರು’ ಅನ್ನುವುದೇ ಭಯ ಆಗಿದ್ದರೆ ಪಿಶಾಚಿ ಯಾಕೆ ಬೇಕಿತ್ತು? ನಿಜವಾದ ಸ್ಟುಡಿಯೋಗಳಲ್ಲಿ ಮಕ್ಕಳಿಗೆ ಆದ ಅನ್ಯಾಯಕ್ಕೆ ಯಾವ ಮಂತ್ರವೂ ಬೇಕಾಗಿರಲಿಲ್ಲ. ಸೂಟು ಹಾಕಿದ ಮಾಮೂಲಿ ಜನ, ಮಾಮೂಲಿ ಕಾಗದ, ಮಾಮೂಲಿ ಸಂಬಳ. ಆಟ ಅದನ್ನು ಪಿಶಾಚಿ ತಲೆಗೆ ಕಟ್ಟಿ ಮನುಷ್ಯರನ್ನು ಪಾರು ಮಾಡಿಬಿಟ್ಟಿತು. ಮಗು ಕಳೆದುಹೋಗಲು ರಾಕ್ಷಸ ಬೇಕು ಅಂತ ನಂಬಿಸುವುದು ನನಗೆ ಇಷ್ಟವಾಗಲಿಲ್ಲ.

ಅಟ್ಟದ ಬೆಕ್ಕು:

@ಜಯನಗರ ಜೋರು, ಈ ಥ್ರೆಡ್ಡಿಗೆ ಬೇಕಾಗಿದ್ದ ಪ್ರಶ್ನೆ ಇದು. ಆದರೆ ಪಿಶಾಚಿ ಬರುವುದು ಯಾವಾಗ ಅಂತ ನೋಡಿ. ಅದಕ್ಕೂ ಮೊದಲೇ ಎಲ್ಲ ಕೆಲಸ ಮಾಮೂಲಿ ಜನರಿಂದ ಮುಗಿದಿದೆ. ಸ್ಯಾಮ್ ಒಳ್ಳೆಯ ಅಪ್ಪ. ಮಗಳನ್ನು ಪ್ರೀತಿಸುತ್ತಾನೆ, ಶೋ ಇನ್ನೂ ಜಾಸ್ತಿ ಮಕ್ಕಳಿಗೆ ತಲುಪಲಿ ಅಂತ ಆಸೆ ಪಡುತ್ತಾನೆ. ದೊಡ್ಡ ಕಂಪನಿ ಬಂದಾಗ ಒಪ್ಪುತ್ತಾನೆ. ಬಾಗಿಲು ತೆರೆದುಕೊಂಡಿದ್ದು ಆ ಒಪ್ಪಿಗೆಯಿಂದ. ಬಲವಂತ ಇಲ್ಲ, ಅಪಹರಣ ಇಲ್ಲ. ಪಿಶಾಚಿಯನ್ನು ತೆಗೆದುಹಾಕಿದರೂ ಕಥೆ ನಿಲ್ಲುತ್ತದೆ. ಸ್ಯಾಮ್‌ನ ಒಪ್ಪಿಗೆ ತೆಗೆದರೆ ನಿಲ್ಲುವುದಿಲ್ಲ.

ತುಂಗಾ ತೀರ:

ಕಂಪನಿಯ ಹೆಸರು ಹ್ಯಾಮೆಲ್ನ್ ಅಂತ ಇಟ್ಟಿದ್ದಾರೆ, ಅದರ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ! ಅದು ಜರ್ಮನಿಯ ಊರು. ಕೊಳಲೂದಿ ಮಕ್ಕಳನ್ನು ಕರೆದುಕೊಂಡು ಹೋದವನ ಊರು. ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಹುಟ್ಟಿದ್ದು ಅದೇ ಕಥೆಯಿಂದ, ರಾಬರ್ಟ್ ಬ್ರೌನಿಂಗ್ ಬರೆದ ಇಂಗ್ಲಿಷ್ ಪದ್ಯದ ಮೂಲಕ. ಹಾಗಾಗಿ ಈ ಆಟದ ಹಿಂದಿನ ಕಥೆ ಯಾವ ಕನ್ನಡಿಗನಿಗೂ ಹೊಸದಲ್ಲ.

ನಮ್ಮ ಕಿಂದರಿಜೋಗಿಯಲ್ಲಿ ತಪ್ಪು ಯಾರದ್ದು? ಗೌಡನದ್ದು. ಇಲಿ ಓಡಿಸಿದರೆ ಹಣ ಕೊಡುತ್ತೇನೆ ಅಂದ, ಕೆಲಸ ಆದ ಮೇಲೆ ಕೈ ಎತ್ತಿದ. ಮಾತು ತಪ್ಪಿದ್ದು ದೊಡ್ಡವರು, ಹೋಗಿದ್ದು ಮಕ್ಕಳು. ಆಟದಲ್ಲೂ ಹಾಗೇ ಇದೆ. ಸಹಿ ಹಾಕಿದ್ದು ದೊಡ್ಡವರು, ಟಿವಿಯೊಳಗೆ ಸಿಕ್ಕಿಬಿದ್ದದ್ದು ರೆಬೆಕಾ.

ಇನ್ನೊಂದು ವಿಷಯ ಇದೆ, ನನಗೆ ಇದು ಯಾವ ಹಾರರ್ ಆಟಕ್ಕಿಂತಲೂ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ಹ್ಯಾಮೆಲ್ನ್ ಊರಿನ ಹಳೇ ದಾಖಲೆಗಳಲ್ಲಿ ಇಲಿಗಳೇ ಇಲ್ಲ. 15ನೇ ಶತಮಾನದ ಬರಹದಲ್ಲಿ ಇರುವುದು ಇಷ್ಟೇ: 1284ರಲ್ಲಿ ಒಬ್ಬ ಯುವಕ ಬಂದ, ಕೊಳಲು ಊದಿದ, 130 ಮಕ್ಕಳು ಅವನ ಹಿಂದೆ ಹೋದರು, ತಿರುಗಿ ಬರಲಿಲ್ಲ. ಇಲಿ, ಹಣ, ಸೇಡು ಎಲ್ಲ ಸೇರಿಕೊಂಡಿದ್ದು 16ನೇ ಶತಮಾನದಲ್ಲಿ. ಅಂದರೆ ಮೊದಲು ಇದ್ದದ್ದು ಮಕ್ಕಳು ಹೋದರು ಅನ್ನುವುದು ಮಾತ್ರ. ಕಾರಣವನ್ನು ಆಮೇಲೆ ಬಂದವರು ತುಂಬಿದರು. ಜಯನಗರದವರು ಡೆಮೊ ಬಗ್ಗೆ ಹೇಳಿದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಕಾರಣ ಇಲ್ಲದೆ ಮಕ್ಕಳು ಕಾಣೆಯಾಗುವುದನ್ನು ಯಾರೂ ತಡೆದುಕೊಳ್ಳಲಾರರು. ಅದಕ್ಕೇ ಇಲಿಗಳನ್ನು ಸೇರಿಸಿದರು, ಅದಕ್ಕೇ ಪಿಶಾಚಿಯನ್ನೂ ಸೇರಿಸಿದರು.

ಜಯನಗರ ಜೋರು:

ಇಲಿ ವಿಷಯ ನಿಜವಾಗಲೂ ಚೆನ್ನಾಗಿದೆ ಸರ್. ಆದರೂ ಒಂದು ಮಾತು. ಊರಿನವರು ದುಃಖ ತಡೆಯಲಾರದೆ ಕಾರಣ ಹುಟ್ಟಿಸಿದರು. ಆಟದವರು ಎರಡನೇ ಭಾಗ ಮಾರಲು ಹುಟ್ಟಿಸಿದರು. ಎರಡೂ ಒಂದೇ ಅಲ್ಲ.

ರಾತ್ರಿಪಾಳಿ ರಮ್ಯ:

‘ಬಾಲ್ಡಿಸ್ ಬೇಸಿಕ್ಸ್’ ಯಾರೂ ನೆನಪಿಸಲಿಲ್ಲವಾ? 2018ರದ್ದು. ಹಳೇ ಶೈಕ್ಷಣಿಕ ಸಿ.ಡಿ. ಆಟಗಳ ಥರ ಇರುತ್ತದೆ. ಎರಡನೇ ನೋಟ್‌ಬುಕ್‌ಗೆ ಬಂದರೆ ಮೊದಲ ಎರಡು ಲೆಕ್ಕ ಸುಲಭ, ಮೂರನೇ ಲೆಕ್ಕದ ಅಂಕಿಗಳೆಲ್ಲ ಕಲಸಿಹೋಗಿರುತ್ತವೆ, ಉತ್ತರವೇ ಇಲ್ಲ. ಏನು ಬರೆದರೂ ತಪ್ಪು. ತಪ್ಪಾದ ತಕ್ಷಣ ಮೇಷ್ಟ್ರು ಸ್ಕೇಲ್ ಹಿಡಿದುಕೊಂಡು ಬಡಿಯುತ್ತಾ ಬೆನ್ನು ಹತ್ತುತ್ತಾನೆ. ನಾನು ಅದನ್ನು ಆಡಿ ನಗಲಿಲ್ಲ. ಏಳನೇ ಕ್ಲಾಸಿನ ಗಣಿತದ ಪೀರಿಯಡ್ ನೆನಪಾಗಿ ಕೈ ತಣ್ಣಗಾಗಿತ್ತು. ಉತ್ತರ ಗೊತ್ತಿಲ್ಲದಿರುವುದೇ ಅಪರಾಧ ಅಂತ ಕಲಿಸಿದ ಕ್ಲಾಸ್ ಅದು.

ಅಮಾಂಡಾದಲ್ಲಿ ಉತ್ತರ ಗೊತ್ತಿರುತ್ತದೆ. ಹೇಳಲು ಮನಸ್ಸಿರುವುದಿಲ್ಲ. ನನಗೆ ಅದು ಇನ್ನೂ ಕಷ್ಟ ಅನಿಸಿತು.

ವೂಲಿ ಬಗ್ಗೆ ಕೇಳಿದ್ದೀರಿ. ಅವನು ಹೇಡಿ ಅಂತ ತುಂಬಾ ಜನ ಬರೆಯುತ್ತಾರೆ, ನನಗೆ ಕೋಪ ಬರುತ್ತದೆ. ಅವನಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತು. ನಮಗೆ ಸೂಚನೆ ಕೊಡಲು ನೋಡುತ್ತಾನೆ. ಹಾಗೆ ಮಾಡಿದಾಗಲೆಲ್ಲ ಏಟು ತಿನ್ನುವವನೂ ಅವನೇ. ಮನೆಯಲ್ಲಿ ಕುಡಿದು ಕೂಗಾಡುವವರು ಇದ್ದರೆ, ಇನ್ನೊಬ್ಬರು ಮೆಲ್ಲಗೆ ‘ಸುಮ್ಮನಿರು, ಅವರು ಹೇಳಿದ ಹಾಗೆ ಮಾಡು’ ಅಂತ ಮಕ್ಕಳಿಗೆ ಕಣ್ಸನ್ನೆ ಮಾಡುತ್ತಾರಲ್ಲ, ವೂಲಿ ಅವರ ಹಾಗೆ. ಅವರನ್ನು ಹೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮೈಸೂರಿನ ಅಮ್ಮ:

ನಾನು ಈ ಆಟಗಳ ಲೋಕದವಳಲ್ಲ. ತಂಗಿ ಲಿಂಕ್ ಕಳಿಸಿದಳು, ರೆಬೆಕಾ ಕಥೆ ಓದಿ ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗಳು ಆರು ವರ್ಷದವಳಿದ್ದಾಗ ಒಂದು ಜಾಹೀರಾತಿಗೆ ದನಿ ಕೊಟ್ಟಿದ್ದಳು. ನಾವೇ ಖುಷಿಯಿಂದ ಕರೆದುಕೊಂಡು ಹೋಗಿದ್ದೆವು. ಎಷ್ಟೋ ಸಮಯ ಆದ ಮೇಲೆ ಅದೇ ದನಿ ಬೇರೆ ಯಾವುದೋ ಸಾಮಾನಿನ ಜಾಹೀರಾತಿನಲ್ಲಿ ಕೇಳಿಸಿತು. ನಮಗೆ ಗೊತ್ತೇ ಇಲ್ಲ. ಏಜೆನ್ಸಿಯವರನ್ನು ಕೇಳಿದರೆ ಒಪ್ಪಂದದಲ್ಲಿ ಇದೆಯಲ್ಲ ಮೇಡಂ ಅಂದರು. ತೆಗೆದು ನೋಡಿದರೆ ಇತ್ತು, ಚಿಕ್ಕ ಅಕ್ಷರದಲ್ಲಿ. ಮಗಳ ದನಿ ಈಗ ಪೂರ್ತಿ ಬದಲಾಗಿದೆ. ಆ ಆರು ವರ್ಷದ ದನಿ ನಮ್ಮ ಹತ್ತಿರ ಇಲ್ಲ, ಅವರ ಹತ್ತಿರ ಇದೆ. ಅವಳಿಗೆ ಏನೂ ಆಗಿಲ್ಲ, ಕಾಲೇಜಿಗೆ ಹೋಗುತ್ತಿದ್ದಾಳೆ, ದೇವರ ದಯೆ. ಆದರೂ ಟಿವಿಯಲ್ಲಿ ಆ ದನಿ ಬಂದಾಗ ನಮ್ಮ ಮನೆಯ ಮಗು ಬೇರೆ ಯಾರದ್ದೋ ಮನೆಯಿಂದ ಕರೆದ ಹಾಗೆ ಆಗುತ್ತಿತ್ತು.

ಸ್ಯಾಮ್ ಒಳ್ಳೆಯ ಅಪ್ಪ ಅಂತ ಮೇಲೆ ಬರೆದಿದ್ದೀರಿ. ಹೌದು, ಒಳ್ಳೆಯ ಅಪ್ಪ ಅಮ್ಮಂದಿರೇ ಸಹಿ ಹಾಕುವುದು.

ಕೆಂಗೇರಿ ಕಾನೂನು:

ಅಮ್ಮನವರಿಗೆ ನಮಸ್ಕಾರ. ಇಲ್ಲಿ ಬೇರೆ ಪೋಷಕರೂ ಓದುತ್ತಿರಬಹುದು ಅಂತ ಭಾರತದ ನಿಯಮ ಹೇಳುತ್ತೇನೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂತು. 14 ವರ್ಷದ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಆದರೆ ಕಲಾವಿದರಾಗಿ ನಟಿಸಲು ಷರತ್ತಿನ ಮೇಲೆ ಬಿಟ್ಟಿದ್ದಾರೆ. 2017ರ ನಿಯಮಗಳ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಇಲ್ಲ, ಬಿಡುವಿಲ್ಲದೆ ಮೂರು ಗಂಟೆಗಿಂತ ಜಾಸ್ತಿ ಇಲ್ಲ. ಮಗುವಿನ ಗಳಿಕೆಯಲ್ಲಿ ಕನಿಷ್ಠ 20 ಶೇಕಡಾ ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಗಂಟೆ ಇದೆ, ದುಡ್ಡು ಇದೆ. ನೀವು ಹೇಳಿದ ದನಿಯ ವಿಷಯ ಬಂದರೆ ಎಲ್ಲರೂ ಒಪ್ಪಂದದ ಕಡೆ ಕೈ ತೋರಿಸುತ್ತಾರೆ. ಹಾಗಾಗಿ ಸಹಿ ಹಾಕುವ ಮೊದಲು ಯಾವ ಜಾಹೀರಾತಿಗೆ, ಎಷ್ಟು ಸಮಯಕ್ಕೆ, ಎಲ್ಲಿ ಬಳಸುತ್ತಾರೆ ಅಂತ ಬರೆಸಿಕೊಳ್ಳಿ. ‘ಎಲ್ಲಾ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಅಂತ ಇದ್ದರೆ ಹೊಡೆದುಹಾಕಲು ಹೇಳಿ.

ಡಲ್ಲಾಸ್ ದಾವಣಗೆರೆ:

ಇಲ್ಲಿ ಅಮೆರಿಕದಲ್ಲಿ ಇದಕ್ಕೆ ಹಳೇ ಕಥೆ ಇದೆ. ಜಾಕಿ ಕೂಗನ್ ಅಂತ ಒಬ್ಬ ಹುಡುಗ, 1921ರಲ್ಲಿ ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ ನಟಿಸಿದವನು. ಆ ಕಾಲದಲ್ಲೇ ಲಕ್ಷಗಟ್ಟಲೆ ಡಾಲರ್ ದುಡಿದ. ದೊಡ್ಡವನಾಗಿ ನೋಡಿದರೆ ತಾಯಿ ಮತ್ತು ಮಲತಂದೆ ಹೆಚ್ಚುಕಡಿಮೆ ಎಲ್ಲ ಖರ್ಚು ಮಾಡಿದ್ದರು. 1938ರಲ್ಲಿ ಕೋರ್ಟಿಗೆ ಹೋದ, ಕೈಗೆ ಸಿಕ್ಕಿದ್ದು ಸುಮಾರು 1,26,000 ಡಾಲರ್. ಆ ಗಲಾಟೆಯಿಂದ 1939ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಈಗ 15 ಶೇಕಡಾ ಮಗುವಿನ ಹೆಸರಲ್ಲಿ ಎತ್ತಿಡಬೇಕು.

ಆದರೆ ಇದೆಲ್ಲ ಬಹಳ ಕಾಲ ಸಿನಿಮಾ, ಟಿವಿ ಮಕ್ಕಳಿಗೆ ಮಾತ್ರ ಇತ್ತು. ಮನೆಯಲ್ಲೇ ಅಪ್ಪ ಅಮ್ಮ ವಿಡಿಯೊ ತೆಗೆದು ಚಾನೆಲ್ ನಡೆಸುವ ಮಕ್ಕಳ ಕಥೆ ಏನು? ಇಲಿನಾಯ್ ರಾಜ್ಯ ಅದಕ್ಕೆ ಕಾನೂನು ಮಾಡಿದ್ದು 2023ರಲ್ಲಿ, ಜಾರಿಗೆ ಬಂದದ್ದು 2024ರ ಜುಲೈನಲ್ಲಿ. ಅಲ್ಲಿಯವರೆಗೆ ಅಮೆರಿಕದಲ್ಲಿ ಆ ಮಕ್ಕಳ ಪಾಲಿನ ದುಡ್ಡನ್ನು ಎತ್ತಿಡಿ ಅಂತ ಹೇಳುವವರೇ ಇರಲಿಲ್ಲ. ಸ್ಯಾಮ್ ತನ್ನ ಮಗಳನ್ನು ಹಾಕಿಕೊಂಡು ಶೋ ಶುರು ಮಾಡಿದ್ದೂ ಹೀಗೇ ಅಲ್ವಾ, ಸಣ್ಣದಾಗಿ, ಪ್ರೀತಿಯಿಂದ. ಕಂಪನಿ ಬರುವ ಮೊದಲೇ ರೆಬೆಕಾ ಕ್ಯಾಮೆರಾ ಮುಂದೆ ಇದ್ದಳು. ಅವಳಿಗೆ ಇಷ್ಟ ಇದೆಯಾ ಅಂತ ಯಾರು ಕೇಳಿದರು?

ಹಾಗೇ ಇನ್ನೊಂದು, ಟೀಚರ್ ಅವರಿಗೆ ಇಷ್ಟವಾಗಬಹುದು. ಬ್ಲೂಸ್ ಕ್ಲೂಸ್‌ಗಿಂತ ಎಷ್ಟೋ ಮೊದಲು, 1953ರಲ್ಲಿ, ಸಿಬಿಎಸ್‌ನಲ್ಲಿ ‘ವಿಂಕಿ ಡಿಂಕ್ ಅಂಡ್ ಯೂ’ ಅಂತ ಶೋ ಇತ್ತು. ಮಕ್ಕಳು 50 ಸೆಂಟ್ಸ್ ಕೊಟ್ಟು ಒಂದು ಪ್ಲಾಸ್ಟಿಕ್ ಹಾಳೆ ತರಿಸಿಕೊಂಡು ಟಿವಿ ಪರದೆಗೆ ಅಂಟಿಸಬೇಕು. ಕಾರ್ಟೂನ್ ಹುಡುಗ ನದಿ ದಾಟಲು ಸೇತುವೆ ಬೇಕು ಅಂದರೆ ಮಕ್ಕಳು ಕ್ರೇಯಾನಿನಿಂದ ಸೇತುವೆ ಎಳೆಯಬೇಕು. ಹಾಳೆ ಇಲ್ಲದ ಮಕ್ಕಳು ಟಿವಿ ಗಾಜಿನ ಮೇಲೇ ಗೀಚಿದರು. ಅವನು ಬೀಳಬಾರದಲ್ಲ! ತಾವು ಗೀಚದಿದ್ದರೆ ಅವನು ಬೀಳುತ್ತಾನೆ ಅಂತ ಆ ಮಕ್ಕಳು ನಿಜವಾಗಿ ನಂಬಿದ್ದರು. ಗೀಚದಿದ್ದರೂ ಅವನು ದಾಟುತ್ತಿದ್ದ, ಬಿಡಿ.

ಸೈಲೆಂಟ್ ಮೋಡ್:

ಟಿವಿಗೆ ಕೇಳಿಸುತ್ತದೆ ಅನ್ನುವುದೇ ಭಯ ಅಂತ ಟೀಚರ್ ಬರೆದರು. ಆಟದ ಕ್ಯಾಸೆಟ್ ಬಿಡಿ, ಅಂಗಡಿಯಲ್ಲೇ ಅದು ಬಂದಾಯಿತು. 2015ರಲ್ಲಿ ಮ್ಯಾಟೆಲ್ ಕಂಪನಿ ‘ಹೆಲೋ ಬಾರ್ಬಿ’ ಎಂಬ ಮಾತಾಡುವ ಗೊಂಬೆ ಬಿಟ್ಟಿತು. ಮಗು ಮಾತಾಡಿದ್ದು ವೈಫೈ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ ಉತ್ತರ ಬರುತ್ತಿತ್ತು. ‘ಮೈ ಫ್ರೆಂಡ್ ಕೈಲಾ’ ಎಂಬ ಇನ್ನೊಂದು ಗೊಂಬೆಯನ್ನು 2017ರಲ್ಲಿ ಜರ್ಮನಿ ನಿಷೇಧಿಸಿತು. ಬಚ್ಚಿಟ್ಟ ಕದ್ದಾಲಿಕೆ ಯಂತ್ರ ಅಂತ ಪರಿಗಣಿಸಿ, ಮನೆಯಲ್ಲಿ ಇದ್ದರೆ ಕೆಡಿಸಿಹಾಕಿ ಅಂತ ಪೋಷಕರಿಗೆ ಹೇಳಿದರು. ಜರ್ಮನಿಯಲ್ಲಿ ಅಂತ ಗಮನಿಸಿ, ಹ್ಯಾಮೆಲ್ನ್ ಇರುವ ದೇಶ.

ಅಮಾಂಡಾ ಕೇಳುವ ಪ್ರಶ್ನೆಗಳನ್ನು ಒಂದು ಸಲ ಈ ಕಣ್ಣಿನಿಂದ ನೋಡಿ. ನಿನಗೆ ಏನಿಷ್ಟ, ನಿನ್ನ ಹತ್ತಿರ ಏನಿದೆ, ನೀನು ಯಾರ ಜೊತೆ ಇದ್ದೀಯಾ ಅನ್ನುವ ಥರದ್ದೇ ಎಲ್ಲ ಮಕ್ಕಳ ಶೋಗಳಲ್ಲೂ ಇರುತ್ತದೆ. ಉತ್ತರ ಎಲ್ಲೂ ಹೋಗದಿದ್ದಾಗ ಅದು ಆಟ. ಉತ್ತರ ಯಾರಿಗೋ ತಲುಪುತ್ತಿದ್ದರೆ?

ಹರಿಹರ ಅಪ್ಪ:

ಎಲ್ಲರೂ ರೆಬೆಕಾ ಬಗ್ಗೆ ಬರೆದಿರಿ. ನಾನು ನನ್ನ ಮನೆಯ ಮಗು ಬಗ್ಗೆ ಬರೆಯುತ್ತೇನೆ. ಯುಕೆಜಿ ಹುಡುಗ, ಅವನಿಗೆ ಅಮಾಂಡಾ, ವೂಲಿ ಇಬ್ಬರೂ ಗೊತ್ತು. ಆಟ ನೋಡಿಲ್ಲ. ಫೋನಿನಲ್ಲಿ ಚಿಕ್ಕ ವಿಡಿಯೊಗಳು ಬರುತ್ತವಲ್ಲ, ಅದರಲ್ಲಿ ನೋಡಿದ್ದಾನೆ. ಅವನ ಪ್ರಕಾರ ಅದು ಒಂದು ಕಾರ್ಟೂನ್. 2022ರ ಸುಮಾರಿಗೆ ‘ಪಾಪಿ ಪ್ಲೇಟೈಮ್’ ಎಂಬ ಹಾರರ್ ಆಟದ ರಾಕ್ಷಸ ಗೊಂಬೆ ಹಗ್ಗಿ ವಗ್ಗಿ ವಿಷಯದಲ್ಲೂ ಇದೇ ಆಯಿತು, ಬ್ರಿಟನ್, ಅಮೆರಿಕದ ಶಾಲೆಗಳು ಪೋಷಕರಿಗೆ ಎಚ್ಚರಿಕೆ ಕಳಿಸಿದವು. ನೀಲಿ ಗೊಂಬೆ ಅಂತ ಮಕ್ಕಳು ಅಪ್ಪಿಕೊಂಡರು. ನಮ್ಮ ಜಾತ್ರೆಯಲ್ಲೂ ಅದು ತೂಗಾಡುತ್ತಿತ್ತು, ನೀವೂ ನೋಡಿರುತ್ತೀರಿ.

ಮಕ್ಕಳ ಶೋ ಹೆಸರಲ್ಲಿ ಮಕ್ಕಳನ್ನು ಸೆಳೆದ ಕಂಪನಿಯ ಕಥೆ ಹೇಳುವ ಆಟ, ಮಕ್ಕಳ ಶೋ ಥರ ಕಾಣುವುದರಿಂದಲೇ ನನ್ನ ಮಗನನ್ನು ಸೆಳೆಯಿತು. ಮಾಡಿದವರ ಉದ್ದೇಶ ಅದಲ್ಲ ಅಂತ ಒಪ್ಪುತ್ತೇನೆ. ದೊಡ್ಡವರಿಗಾಗಿ ಮಾಡಿದ್ದು. ಆದರೆ ಫೋನಿಗೆ ಅದು ಗೊತ್ತಾಗುವುದಿಲ್ಲ. ದೊಡ್ಡ ಕಣ್ಣು, ಗಾಢ ಬಣ್ಣ, ಹಾಡು ಇದ್ದರೆ ಮಗುವಿನ ಮುಂದೆ ತಂದು ಇಡುತ್ತದೆ. ಇದರ ಬಗ್ಗೆ ಆಟ ಆಡುವ ನಾವು ಮಾತಾಡಲೇಬೇಕು.

ರಾತ್ರಿಪಾಳಿ ರಮ್ಯ:

ಅಣ್ಣಾ, ಇದು ನಿಜ. ನನ್ನ ಅಕ್ಕನ ಮಗಳು ವೂಲಿ ಗೊಂಬೆ ಬೇಕು ಅಂತ ಹಠ ಮಾಡಿದ್ದಳು. ಕೊಡಿಸಬೇಕಾ ಬೇಡವಾ ಅಂತ ನನಗೆ ಇನ್ನೂ ತೋಚುತ್ತಿಲ್ಲ, ಅವಳಿಗೆ ಅವನ ಕಥೆ ಗೊತ್ತಿಲ್ಲ.

ಇದೇ ಪ್ರಕಾಶಕರ ಇನ್ನೊಂದು ಆಟ ಇದೆ, ‘ಮೈ ಫ್ರೆಂಡ್ಲಿ ನೇಬರ್‌ಹುಡ್’, ಅದೂ 2023ರದ್ದೇ. ಅಲ್ಲಿ ನಾವು ರಿಪೇರಿ ಮಾಡುವವರು. ಮುಚ್ಚಿಹೋದ ಮಕ್ಕಳ ಶೋ ಒಂದು ದಿನ ತಾನಾಗಿ ಪ್ರಸಾರ ಶುರು ಮಾಡುತ್ತದೆ, ಆಂಟೆನಾ ಆಫ್ ಮಾಡಲು ನಮ್ಮನ್ನು ಕಳಿಸುತ್ತಾರೆ. ಒಳಗೆ ಕೈಗೊಂಬೆಗಳು ಹುಚ್ಚಾಗಿ ಅಲೆಯುತ್ತಿರುತ್ತವೆ. ಯಾಕೆ ಹಾಗಾದವು? ಶೋ ನಿಲ್ಲಿಸಿದ ಮೇಲೆ ಅವು ಒಂಟಿಯಾಗಿ ಕೂತು ಟಿವಿಯಲ್ಲಿ ಹೊರಗಿನ ಜಗತ್ತನ್ನು ನೋಡಿದ್ದವು. ಅಲ್ಲಿ ಗೊಂಬೆಗಳು ಕೆಟ್ಟವಲ್ಲ, ಅವುಗಳಿಗೆ ನೋವಾಗಿದೆ. ಅಮಾಂಡಾ ಆಡಿ ಮನಸ್ಸು ಭಾರವಾದವರು ಅದನ್ನು ಆಡಿ. ಮಕ್ಕಳ ಶೋ ಒಳ್ಳೆಯದೂ ಆಗಿತ್ತು ಅಂತ ನಂಬುವ ಆಟ ಅದು.

ಜಯನಗರ ಜೋರು:

ಬೆಕ್ಕಣ್ಣ, ಒಂದು ಕೊನೆಯ ಪ್ರಶ್ನೆ. ಕೇಟ್ ಅತ್ತೆಗೆ ಇದೆಲ್ಲ ಗೊತ್ತಿತ್ತು. ಟೇಪ್ ಹುಡುಕಿದರು, ತನಿಖೆ ಮಾಡಿದರು, ಜೀವ ಕಳೆದುಕೊಂಡರು. ಹಾಗಿದ್ದ ಮೇಲೆ ಆ ಟೇಪ್‌ಗಳನ್ನು ಸುಟ್ಟು ಹಾಕದೆ ರೈಲಿ ಕೈಗೆ ಯಾಕೆ ಬಿಟ್ಟುಹೋದರು? ಪ್ರೀತಿಯ ಅತ್ತೆ ಮಾಡುವ ಕೆಲಸವಾ ಅದು? ಸ್ಯಾಮ್ ಮಾಡಿದ್ದನ್ನೇ ಇವರೂ ಮಾಡಿದರು. ದೊಡ್ಡವರು ಶುರು ಮಾಡಿದ್ದನ್ನು ಚಿಕ್ಕವರ ತಲೆಗೆ ಕಟ್ಟಿದರು.

ಅಟ್ಟದ ಬೆಕ್ಕು:

ಕೇಟ್ ಏನು ಕೆಲಸ ಮಾಡುತ್ತಿದ್ದರು ಅಂತ ನೋಡಿ. ಎರಡನೇ ಭಾಗ ಪೂರ್ತಿ ನಡೆಯುವುದು ಅವರು ಕೆಲಸ ಮಾಡುತ್ತಿದ್ದ ಕೆನ್ಸ್‌ಡೇಲ್ ಊರಿನ ಲೈಬ್ರರಿಯಲ್ಲಿ. ಲೈಬ್ರರಿಯವರು ಸುಡುವುದಿಲ್ಲ, ಇಡುತ್ತಾರೆ. ಟೇಪ್ ಸುಟ್ಟಿದ್ದರೆ ರೈಲಿ ಕ್ಷೇಮವಾಗಿ ಇರುತ್ತಿತ್ತು ಅನ್ನುವುದು ನಿಜ. ಆದರೆ ರೆಬೆಕಾ ಎಂಬ ಮಗು ಇತ್ತು ಅನ್ನಲು ಬೇರೆ ಸಾಕ್ಷಿ ಏನಿದೆ? ಕಂಪನಿಯ ಕಾರ್ಟೂನಿನಲ್ಲಿ ಅವಳ ಮುಖ ಇಲ್ಲ. ಅವಳ ನಿಜವಾದ ಮುಖ ಇರುವುದು ಸ್ಯಾಮ್ ತೆಗೆದ ಹಳೇ ಟೇಪ್‌ಗಳಲ್ಲಿ. ಅವು ಹೋದರೆ ಹ್ಯಾಮೆಲ್ನ್‌ಗೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ಹಾಗಾಗಿ ಕೇಟ್ ಮಾಡಿದ್ದು ಸ್ಯಾಮ್ ಮಾಡಿದ ಕೆಲಸ ಅಂತ ನಾನು ಒಪ್ಪುವುದಿಲ್ಲ. ಸ್ಯಾಮ್ ಕೊಟ್ಟದ್ದು ಮಗುವನ್ನು. ಕೇಟ್ ಕೊಟ್ಟದ್ದು ದೂರನ್ನು. ರೈಲಿಗೆ ಅಪಾಯ ಆಯಿತು, ಅದಕ್ಕೆ ಕೇಟ್ ಹೊಣೆ, ಅದರಲ್ಲಿ ನಿಮ್ಮ ಮಾತು ನಿಲ್ಲುತ್ತದೆ. ಬರೀ ಟೇಪ್ ಬಿಟ್ಟುಹೋಗುವ ಬದಲು ಇನ್ನೊಬ್ಬ ದೊಡ್ಡವರಿಗೆ, ಪೊಲೀಸಿಗೆ, ಪತ್ರಿಕೆಗೆ ಯಾರಿಗಾದರೂ ಹೇಳಬಹುದಿತ್ತು. ಕೆನ್ಸ್‌ಡೇಲಿನಲ್ಲಿ ಕೇಳುವವರು ಇದ್ದರಾ ಅನ್ನುವುದು ಬೇರೆ ವಿಷಯ. ರೆಬೆಕಾ ಅಲ್ಲದೆ ಇನ್ನೂ ಮಕ್ಕಳು ಕಾಣೆಯಾದ ಊರಿನಲ್ಲಿ ಒಬ್ಬ ಲೈಬ್ರರಿ ಹೆಂಗಸು ಒಂಟಿಯಾಗಿ ತನಿಖೆ ಮಾಡಬೇಕಾಯಿತು ಅಂದರೆ ಉಳಿದವರು ಏನು ಮಾಡುತ್ತಿದ್ದರು?

ತುಂಗಾ ತೀರ:

ಟಿವಿ ನೋಡುತ್ತಿದ್ದರು. ಎರಡನೇ ಭಾಗದ ಲೈಬ್ರರಿಯಲ್ಲಿ ಸಿಗುವ ಕಾಗದಗಳನ್ನು ಆ ಪ್ರಶ್ನೆ ಇಟ್ಟುಕೊಂಡು ಇನ್ನೊಮ್ಮೆ ಓದುತ್ತೇನೆ. ಬೇರೆ ಥ್ರೆಡ್ ಮಾಡಿ ಬರೆಯುತ್ತೇನೆ, ಮೈಸೂರಿನ ಅಮ್ಮನವರೂ ಬನ್ನಿ.